ರತ್ನ ಹೊತ್ತ ಹಿಮದ ವಾರ

ರತ್ನಳ ಮೂಗು ಬಹಳ ಚುರುಕು. ತಿರುವನಂತಪುರದ ಪಟ್ಟಂನಲ್ಲಿರುವ ಸರ್ಕಾರಿ ಕ್ವಾರ್ಟರ್ಸಿನ ಮೂರನೇ ಮಹಡಿಯಲ್ಲಿ ನಿಂತು, ಕೆಳಗೆ ಯಾರ ಮನೆಯಲ್ಲಿ ಹಾಲು ಒಡೆದಿದೆ, ಯಾರ ಮನೆಯ ಮೀನಿಗೆ ಎರಡು ದಿನವಾಗಿದೆ ಎಂದು ಹೇಳಬಲ್ಲಳು. ನಂಜನಗೂಡಿನಲ್ಲಿ ಹುಡುಗಿಯಾಗಿದ್ದಾಗ ಶಾಲೆಯ ದಾರಿಯ ಮೋರಿ ಬಂದರೆ ಉಸಿರು ಬಿಗಿಹಿಡಿದು ಓಡುತ್ತಿದ್ದಳು. ಒಮ್ಮೆ ಹಾಗೆ ಓಡಿ ಹೆಡ್‌ಮಾಸ್ಟರ ಸೈಕಲ್ಲಿಗೇ ಗುದ್ದಿಕೊಂಡಿದ್ದಳು. "ಇವಳನ್ನ ಕಟ್ಕೊಳ್ಳೋನು ದಿನಾ ಎರಡು ಸಲ ಸ್ನಾನ ಮಾಡೋನಾಗಿರ್ಬೇಕು" ಎಂದು ಅವಳ ತಾಯಿ ತಮಾಷೆ ಮಾಡುತ್ತಿದ್ದರು. ಸಿಕ್ಕವನು ಉಪೇಂದ್ರ. ಅವನು ಒಂದೇ ಸಲ ಮಾಡುತ್ತಾನೆ, ಅದನ್ನೂ ಹೇಳಿ ಮಾಡಿಸಬೇಕು.

ಉಪೇಂದ್ರ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಅಧಿಕಾರಿ. ಮೈಸೂರಿನವನು, ಐವತ್ತೊಂದು ವರ್ಷ. ಮನುಷ್ಯ ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಮಗಳು ಕೃಪಾ ಕೇಳಿದ್ದಕ್ಕೆ ಇಲ್ಲ ಅನ್ನುವುದಿಲ್ಲ. ಅವನ ಕಾಯಿಲೆ ಒಂದೇ, ಮಾತು. ಅದರಲ್ಲೂ ಕಾರ್ಗಿಲ್ಲಿನ ಮಾತು. ನಾಲ್ಕು ವರ್ಷದ ಹಿಂದೆ ಅವರು ಮೂವರೂ ಕಾರ್ಗಿಲ್ಲಿನಲ್ಲಿದ್ದಾಗ ಜನವರಿಯಲ್ಲಿ ಒಂದು ವಾರ ಹಿಮ ಬಿದ್ದು ಮನೆಯೊಳಗೇ ಸಿಕ್ಕಿಕೊಂಡಿದ್ದರು. ಆ ವಾರವನ್ನು ಉಪೇಂದ್ರ ಎಷ್ಟು ಸಲ ಹೇಳಿದ್ದಾನೆಂದರೆ, ತಿರುವನಂತಪುರದ ಕನ್ನಡದವರಲ್ಲಿ ಅದನ್ನು ಕೇಳದವರು ಇಲ್ಲ. ಪಕ್ಕದ ತುಂಬ ಎಂಬಲ್ಲಿ ರಾಕೆಟ್ ಮಾಡುವ ವಿಜ್ಞಾನಿಗಳೂ ಅವನ ಮುಂದೆ ಬಾಯಿ ತೆರೆದುಕೊಂಡು ಕೂರುತ್ತಾರೆ. ಅವರಿಗೆ ಆಕಾಶ ಗೊತ್ತು, ಹಿಮ ಗೊತ್ತಿಲ್ಲ.

"ಮೈನಸ್ ಹದಿನೆಂಟು ಸರ್! ಬಾಗಿಲು ತೆಗೆದ್ರೆ ಎದೆ ಮಟ್ಟ ಬಿಳೀ ಗೋಡೆ. ಹೊರಗೆ ಹೋಗೋ ಹಾಗಿಲ್ಲ, ನೀರಿಲ್ಲ, ಕರೆಂಟಿಲ್ಲ. ಏಳು ದಿನ ಹೆಂಡ್ತಿ ಮಗೂನ ಕಾಪಾಡಿದೀನಿ. ಆದ್ರೆ ಏನ್ ಬ್ಯೂಟಿ ಅಂತೀರಾ! ಇನ್ನು ನಮ್ಮ ರತ್ನ, ಅಂಥ ಚಳೀಲೂ ದೋಸೆ ಹಿಟ್ಟು ತಬ್ಕೊಂಡು ಮಲಗಿದ್ಲು!" ಇಲ್ಲಿ ಎಲ್ಲರೂ ನಗಬೇಕು, ನಗುತ್ತಿದ್ದರು. ಆಮೇಲೆ ಅವಳು ಮಗ್ಗುಲಾಗಿ ಹಿಟ್ಟು ಚೆಲ್ಲಿದ್ದು ಬರುತ್ತದೆ, ಮತ್ತೆ ನಗು. ಅಷ್ಟರಲ್ಲಿ ರತ್ನ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದಳು. ಅವಳಿಗೆ ಅಸಹ್ಯವಾಗುತ್ತಿತ್ತು. ಆ ವಾರದ ಬಗ್ಗೆ ಅಸಹ್ಯ, ಅದನ್ನು ಹೂವಿನ ಹಾರದ ಹಾಗೆ ಕೊರಳಿಗೆ ಹಾಕಿಕೊಂಡು ಓಡಾಡುವ ಗಂಡನ ಬಗ್ಗೆ ಅದಕ್ಕಿಂತ ಹೆಚ್ಚು.

ಇಷ್ಟಾದರೂ ನಾಲ್ಕು ವರ್ಷ ಸಹಿಸಿದ್ದಳು. ಕಥೆ ತಾನೆ, ಹೇಳಿಕೊಳ್ಳಲಿ ಎಂದುಕೊಂಡಿದ್ದಳು. ಆದರೆ ಈ ಡಿಸೆಂಬರಿನಲ್ಲಿ ಒಂದು ದಿನ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಜಾಡಿಯ ಕೆಳಗೆ ಒಂದು ಫಾರಂ ಸಿಕ್ಕಿತು. ಕಷ್ಟದ ಜಾಗಕ್ಕೆ ಹೋಗಲು ಇಷ್ಟವಿದ್ದವರು ಹೆಸರು ಕೊಡುವ ಫಾರಂ. ಎರಡು ವರ್ಷ ಅಲ್ಲಿ ಕೆಲಸ ಮಾಡಿದರೆ ಆಮೇಲೆ ಬೇಕಾದ ಊರು ಕೇಳಿಕೊಳ್ಳಬಹುದು. ಉಪೇಂದ್ರ ತನ್ನ ಗುಂಡು ಅಕ್ಷರದಲ್ಲಿ ಕಾರ್ಗಿಲ್ ಎಂದು ತುಂಬಿಸಿದ್ದ. ಕೆಳಗೆ, ಜೊತೆಯಲ್ಲಿ ಬರುವ ಕುಟುಂಬದವರು ಎಂಬಲ್ಲಿ, ರತ್ನ, ಹೆಂಡತಿ. ಕೃಪಾ, ಮಗಳು ಎಂದು ಬರೆದಾಗಿತ್ತು. ಕೊಡಬೇಕಾದ ಕಡೆಯ ದಿನ ಮೂವತ್ತೊಂದು.

"ಏನ್ರೀ ಇದು?" ಎಂದಳು.

"ಓ, ಅದಾ. ಹೇಳ್ಬೇಕು ಅಂತಿದ್ದೆ ಕಣೇ. ಎರಡೇ ವರ್ಷ. ವಾಪಸ್ ಬಂದ್ರೆ ಮೈಸೂರು ಗ್ಯಾರಂಟಿ."

"ಕೃಪಾಗೆ ಬರೋ ವರ್ಷ ಹತ್ತನೇ ಕ್ಲಾಸು."

"ಅಲ್ಲೂ ಸ್ಕೂಲ್ ಇದೆಯಲ್ಲ."

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

ಉಪೇಂದ್ರನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಕೇಳೋದೇನು? ಹೋದ ಸಲ ನೀನೂ ಎಂಜಾಯ್ ಮಾಡಿದ್ದೆಯಲ್ಲ" ಎಂದ.

ಅವನು ನಾಟಕ ಮಾಡುತ್ತಿರಲಿಲ್ಲ, ಅದೇ ಕಷ್ಟ. ಹೇಳಿ ಹೇಳಿ ತನ್ನ ಕಥೆಯನ್ನು ತಾನೇ ನಂಬಿಬಿಟ್ಟಿದ್ದ.

ಮೊದಲ ಸಲ ಹೋಗುವಾಗ ರತ್ನಳೇ ಹೂಂ ಎಂದಿದ್ದಳು, ಅದನ್ನೂ ಹೇಳಬೇಕು. ಆಗ ಅವರು ಕೊಚ್ಚಿಯಲ್ಲಿದ್ದರು, ಕಾಕ್ಕನಾಡಿನ ಕ್ವಾರ್ಟರ್ಸಿನಲ್ಲಿ. ಗಂಡ ಕಷ್ಟದ ಜಾಗಕ್ಕೆ ಹೋದರೆ ಹೆಂಡತಿ ಮಕ್ಕಳು ಇದ್ದ ಕ್ವಾರ್ಟರ್ಸಿನಲ್ಲೇ ಉಳಿಯಬಹುದು ಎಂದು ನಿಯಮವಿದೆ. ಬುದ್ಧಿಯಿದ್ದವರೆಲ್ಲ ಹಾಗೇ ಮಾಡುತ್ತಾರೆ. ಆದರೆ ಕೊಚ್ಚಿಯ ಮೂರು ಮಳೆಗಾಲ ರತ್ನಳ ಮೂಗನ್ನು ಹೈರಾಣು ಮಾಡಿತ್ತು. ಬೀರುವಿನ ರೇಷ್ಮೆ ಸೀರೆಗೆ ಬೂಸ್ಟು, ಚಪ್ಪಲಿಗೆ ಬೂಸ್ಟು, ಹುಣಸೆಹಣ್ಣಿಗೆ ಬೂಸ್ಟು. ಬೆಳಿಗ್ಗೆ ಕಿಟಕಿ ತೆಗೆದರೆ ನಿಂತ ನೀರಿನ ಕಮಟು ವಾಸನೆ. ಕ್ಯಾಲೆಂಡರಿನಲ್ಲಿ ಹಿಮದ ಬೆಟ್ಟ ಕಂಡರೆ ಅವಳಿಗೆ ಒಂದೇ ಯೋಚನೆ ಬರುತ್ತಿತ್ತು: ಅಲ್ಲಿ ಏನೂ ಕೊಳೆಯುವುದಿಲ್ಲ, ಏನೂ ನಾರುವುದಿಲ್ಲ. ನಾವೂ ಬರ್ತೀವಿ ಎಂದುಬಿಟ್ಟಳು. ಆ ಪೆದ್ದುತನಕ್ಕೆ ಅವಳು ತನ್ನನ್ನು ಈಗಲೂ ಕ್ಷಮಿಸಿಲ್ಲ.

ಕಾರ್ಗಿಲ್ಲಿನಲ್ಲಿ ಒಂದು ಮಣ್ಣಿನ ಮನೆಯ ಮೇಲಿನ ಅಂತಸ್ತು ಸಿಕ್ಕಿತು. ಕೆಳಗೆ ಮನೆಯೊಡತಿ, ಹಲ್ಲಿಲ್ಲದ ಒಬ್ಬ ಅಜ್ಜಿ. ಹೊರಗಿನಿಂದ ಹತ್ತುವ ಮಣ್ಣಿನ ಮೆಟ್ಟಿಲು. ಕಕ್ಕಸು ಹಿತ್ತಿಲಿನಾಚೆ, ದನದ ಕೊಟ್ಟಿಗೆಯ ಪಕ್ಕ. ಅಲ್ಲಿಯದು ನೀರಿನ ಕಕ್ಕಸಲ್ಲ. ನೆಲದಲ್ಲೊಂದು ಕಂಡಿ, ಕೆಳಗೆ ಗುಂಡಿ, ಮೇಲೆ ಮಣ್ಣು ಬೂದಿ ಎಳೆಯಬೇಕು. ರತ್ನ ಅದಕ್ಕೂ ಒಗ್ಗಿಕೊಂಡಿದ್ದಳು. ಚಳಿಯಲ್ಲಿ ಅದು ನಾರುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಕ್ಯಾಲೆಂಡರು ಸುಳ್ಳು ಹೇಳಿರಲಿಲ್ಲ.

ಜನವರಿ ಇಪ್ಪತ್ತೆರಡಕ್ಕೆ ಹಿಮ ಶುರುವಾಯಿತು. ಮೊದಲ ದಿನ ಬಹಳ ಚಂದ ಇತ್ತು, ಸುಳ್ಳು ಯಾಕೆ ಹೇಳಬೇಕು. ಕೃಪಾಗೆ ಆಗ ಹತ್ತು ವರ್ಷ. ಕಿಟಕಿಗೆ ಮೂಗು ಒತ್ತಿ ಕುಣಿದಳು. ಉಪೇಂದ್ರ ಇಪ್ಪತ್ತು ಫೋಟೋ ತೆಗೆದ. ಎರಡನೇ ದಿನ ಕಕ್ಕಸಿನ ದಾರಿ ಮುಚ್ಚಿಹೋಯಿತು, ನಲ್ಲಿ ಹೆಪ್ಪುಗಟ್ಟಿತು. ಮೂರನೇ ದಿನದ ಹೊತ್ತಿಗೆ ಬೀದಿಯವರೆಲ್ಲ ಕಿಟಕಿಯಿಂದ ಎಸೆದ ಚಹಾ ಚರಟ, ಒಲೆಯ ಬೂದಿ, ಪಾತ್ರೆ ತೊಳೆದ ಜಿಡ್ಡು, ಮಕ್ಕಳ ಉಚ್ಚೆ ಎಲ್ಲ ಆ ಬಿಳುಪಿನ ಮೇಲೆ ಪದರ ಪದರವಾಗಿ ಹೆಪ್ಪುಗಟ್ಟಿ ಕೂತಿತ್ತು. ಹಿಮ ಬಿಳಿ ಅನ್ನುವುದು ಮೊದಲ ದಿನದ ಮಾತು.

ಇದ್ದ ಮೂರು ಕೋಣೆಯಲ್ಲಿ ಒಂದರಲ್ಲಿ ಮಾತ್ರ ಬುಖಾರಿ ಇತ್ತು. ತಗಡಿನ ಒಲೆ ಅದು. ಸೌದೆ ತುಂಬಿದರೆ ಕೋಣೆ ಬಿಸಿಯಾಗುತ್ತದೆ, ಜೊತೆಗೆ ಹೊಗೆಯನ್ನೂ ಬಿಡುತ್ತದೆ. ಮೂವರೂ ಅಲ್ಲೇ ಉಂಡು ಅಲ್ಲೇ ಮಲಗಿದರು. ಸ್ನಾನವಿಲ್ಲ, ಬಟ್ಟೆ ಬದಲಾಯಿಸುವುದಿಲ್ಲ. ಮೂಗು ಸೀಟಿದರೆ ಕರ್ಚೀಫಿನಲ್ಲಿ ಮಸಿ. ತಲೆಗೂದಲು ಜಿಡ್ಡುಗಟ್ಟಿ ಕಮಟು ಹಿಡಿಯಿತು, ಒದ್ದೆ ಉಣ್ಣೆ ಕಾಲುಚೀಲಗಳು ಬುಖಾರಿಯ ಸುತ್ತ ನೇತಾಡಿ ಬೆಂದವು. ಹಿಮ ಕರಗಿಸಿ ಮಾಡಿದ ನೀರಿನಲ್ಲೂ ಹೊಗೆಯ ರುಚಿ. ರತ್ನ ಬಾಯಲ್ಲಿ ಉಸಿರಾಡುವುದನ್ನು ಅಭ್ಯಾಸ ಮಾಡಿಕೊಂಡಳು.

ಇದರ ನಡುವೆ ದೋಸೆ. ಇಪ್ಪತ್ತಾರನೇ ತಾರೀಖು ಗಣರಾಜ್ಯೋತ್ಸವಕ್ಕೆ ಮನೆಗೆ ಬನ್ನಿ, ಮೈಸೂರು ಮಸಾಲೆ ದೋಸೆ ತಿನ್ನಿಸುತ್ತೇನೆ ಎಂದು ಉಪೇಂದ್ರ ಆಫೀಸಿನ ನಾಲ್ವರನ್ನು ಹಿಮ ಬೀಳುವ ಮುಂಚೆಯೇ ಕರೆದಿದ್ದ. ಎದೆ ಮಟ್ಟದ ಹಿಮ ದಾಟಿ ಯಾವ ಪುಣ್ಯಾತ್ಮ ಬರುತ್ತಾನೆ? ರತ್ನ ಕೇಳಿದಳು. "ಬಂದ್ರೆ? ಮಾತು ಕೊಟ್ಟಿದೀನಿ ಕಣೇ" ಎಂದ. ಅರ್ಧ ಗಂಟೆ ಕರೆಂಟು ಬಂದಾಗ ಮಿಕ್ಸಿಯಲ್ಲಿ ರುಬ್ಬಿದಳು. ಹಿಟ್ಟು ಉಬ್ಬಲಿಲ್ಲ. ಒಂದು ದಿನ ಕಳೆಯಿತು, ಎರಡು ಕಳೆಯಿತು. ಸುಣ್ಣದ ಹಾಗೆ ಸುಮ್ಮನೆ ಕೂತಿತ್ತು. ಬುಖಾರಿಯ ಪಕ್ಕ ಇಟ್ಟರೆ ಒಂದು ಕಡೆ ಬೆಂದು ಇನ್ನೊಂದು ಕಡೆ ತಣ್ಣಗಿರುತ್ತಿತ್ತು. ಕೆಳಗಿನ ಅಜ್ಜಿ ಬಂದು ಇಣುಕಿ, ಇದು ಹಸುವಿಗಾ ಎಂದು ಹಿಂದಿಯಲ್ಲಿ ಕೇಳಿದಳು.

"ರಜಾಯಿ ಒಳಗೆ ಇಟ್ಕೊಳ್ಳೋಣ. ಮೈ ಕಾವಿಗೆ ಹುಳಿ ಬರುತ್ತೆ" ಎಂದವನು ಉಪೇಂದ್ರ. ಡಬರಿಗೆ ತಟ್ಟೆ ಮುಚ್ಚಿ, ಹಳೇ ಪಂಚೆ ಸುತ್ತಿ, ಅದನ್ನು ಇಬ್ಬರ ನಡುವೆ ಮಲಗಿಸಿದವನೂ ಅವನೇ. ಬೆಳಿಗ್ಗೆ ಎದ್ದಾಗ ಹಿಟ್ಟು ಉಬ್ಬಿತ್ತು, ಮುಕ್ಕಾಲು ಪಾಲು ಹಾಸಿಗೆಯಲ್ಲಿತ್ತು. ಉಪೇಂದ್ರನ ಎಡಗಾಲಿನ ಚೀಲ ಹಿಮ್ಮಡಿಯವರೆಗೆ ಹಿಟ್ಟಿನಲ್ಲಿ ಮುಳುಗಿತ್ತು. ಅವನು ಆ ಕಾಲನ್ನು ನೋಡಿದ, ರತ್ನಳನ್ನು ನೋಡಿದ, "ಎಷ್ಟು ಹೊರಳಾಡ್ತೀಯೇ ನೀನು" ಎಂದ.

ತೊಳೆಯಲು ನೀರಿಲ್ಲ. ಒಣಗಿಸಲು ಬಿಸಿಲಿಲ್ಲ. ಇದ್ದದ್ದೇ ಎರಡು ರಜಾಯಿ. ಚಾಕುವಿನಿಂದ ಕೆರೆದಷ್ಟು ಕೆರೆದು, ಅದರಲ್ಲೇ ಇನ್ನೂ ಮೂರು ದಿನ ಮಲಗಿದರು. ಮೈ ಕಾವು ತಾಗಿದಾಗಲೆಲ್ಲ ಅದು ಹೊಸದಾಗಿ ಹುಳಿಯುತ್ತಿತ್ತು. ಮೊದಲು ಮೊಸರಿನ ವಾಸನೆ, ಆಮೇಲೆ ಹೆಂಡದ್ದು, ಕಡೆಗೆ ಹೆಸರಿಡಲಾಗದ ಒಂದು ನಾತ. ಕೃಪಾ ಅಳುತ್ತಾ ಕುರ್ಚಿಯ ಮೇಲೆ ಕೋಟು ಹೊದ್ದು ಮಲಗಿದಳು. ಉಪೇಂದ್ರ ಗೊರಕೆ ಹೊಡೆದ.

ಡಬರಿಯ ತಳದಲ್ಲಿ ಉಳಿದ ಹಿಟ್ಟನ್ನು ಚೆಲ್ಲಬೇಕೆಂದಿದ್ದಳು. ಅವನು ಬಿಡಲಿಲ್ಲ. ಅತಿಥಿಗಳು ಬರಲಿಲ್ಲ, ಅವನೇ ಆರು ದೋಸೆ ತಿಂದ. ಮಧ್ಯಾಹ್ನದ ಹೊತ್ತಿಗೆ ಅವನ ಹೊಟ್ಟೆ ಕೆಟ್ಟಿತು. ಅಲ್ಲಿಂದ ಮುಂದಿನ ಮೂರು ದಿನಗಳನ್ನು ಉಪೇಂದ್ರ ಯಾವ ಕೂಟದಲ್ಲೂ ಹೇಳಿಲ್ಲ. ರತ್ನಳೂ ಹೇಳಿರಲಿಲ್ಲ. ಗಂಡನ ಮಾನ ಎಂದು ನುಂಗಿಕೊಂಡಿದ್ದಳು, ಸಂಕಟದಿಂದ.

ಅಲ್ಲಿಯ ಎರಡು ವರ್ಷ ಮುಗಿದ ಮೇಲೆ ಹೊರಟು ಬಂದರು. ತಿರುವನಂತಪುರಕ್ಕೆ ಹೋಗುವ ಮುಂಚೆ ಕೊಚ್ಚಿಯಲ್ಲಿ ಹಳೆಯ ನೆರೆಯವಳು ಪ್ರೇಮಳ ಮನೆಯಲ್ಲಿ ಎರಡು ದಿನ ಇದ್ದರು. ಹಾಸಿಗೆ ಕಟ್ಟು ಬಿಚ್ಚಿದರೆ, ಅಷ್ಟು ಸಲ ಒಗೆದು ಒಣಗಿಸಿದ್ದ ರಜಾಯಿಯ ಹತ್ತಿ ಕೊಚ್ಚಿಯ ಗಾಳಿ ತಾಗಿದ್ದೇ ತಡ ಮತ್ತೆ ನಾತ ಬಿಟ್ಟಿತು. ಪ್ರೇಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ರತ್ನಳಿಗೆ ಅಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ. ಅದನ್ನು ಕಸದ ಗಾಡಿಗೆ ಹಾಕಿ, ಹೊರಗಿನ ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಚ್ಚಿ ತೊಳೆದಳು. ಇನ್ನು ಸತ್ತರೂ ಅತ್ತ ಹೋಗುವುದಿಲ್ಲ ಎಂದು ಆ ನಲ್ಲಿಯ ಹತ್ತಿರ ನಿಂತು ಶಪಥ ಮಾಡಿದ್ದಳು. ಈಗ ಉಪ್ಪಿನಕಾಯಿ ಜಾಡಿಯ ಕೆಳಗೆ ಆ ಫಾರಂ.

ಇಪ್ಪತ್ತೆಂಟನೇ ತಾರೀಖು ಭಾನುವಾರ, ಪಟ್ಟಂನ ಕ್ವಾರ್ಟರ್ಸ್ ಹಾಲಿನಲ್ಲಿ ಕನ್ನಡದವರ ತಿಂಗಳ ಕೂಟ. ಬ್ಯಾಂಕಿನವರು, ತುಂಬದವರು, ಕೇಂದ್ರ ಕಚೇರಿಯವರು, ಎಲ್ಲ ಸೇರಿ ಮೂವತ್ತು ಜನ. ಸಂಜೆ ನಾಲ್ಕು ಗಂಟೆ, ಫ್ಯಾನು ತಿರುಗುತ್ತಿದ್ದರೂ ಎಲ್ಲರ ಬೆನ್ನಲ್ಲಿ ಬೆವರು. ಕ್ರಿಸ್ಮಸ್ಸಿಗೆ ನಿಲ್ಲಿಸಿದ್ದ ಪ್ಲಾಸ್ಟಿಕ್ ಮರ ಇನ್ನೂ ಮೂಲೆಯಲ್ಲಿತ್ತು. ಅದಕ್ಕೆ ಹತ್ತಿ ಅಂಟಿಸಿದ್ದರು. ಮಕ್ಕಳು ಥರ್ಮೊಕೋಲು ಪುಡಿ ಮಾಡಿ ಒಬ್ಬರ ತಲೆಗೊಬ್ಬರು ಎರಚುತ್ತಿದ್ದರು. ಬಾಳೆಕಾಯಿ ಚಿಪ್ಸಿನ ತಟ್ಟೆಯಲ್ಲೂ ಅದೇ ಪುಡಿ.

ಹಿಮ ಕಂಡದ್ದೇ ಉಪೇಂದ್ರನಿಗೆ ನೆಪವಾಯಿತು. ಶುರುಮಾಡಿದ. ಮೈನಸ್ ಹದಿನೆಂಟು, ಬಿಳೀ ಗೋಡೆ, ಬ್ಯೂಟಿ, ದೋಸೆ ಹಿಟ್ಟು. ಎಲ್ಲರೂ ನಕ್ಕರು. ರತ್ನ ಲೋಟ ಎತ್ತಲು ಎದ್ದಳು. ಆಗ ಅವನು ಹೊಸದೊಂದು ಸೇರಿಸಿದ.

"ಮತ್ತೆ ಹೊರಟಿದೀವಿ ಸರ್ ಎಲ್ಲರೂ! ನಾಡಿದ್ದು ಫಾರಂ ಕೊಡ್ತೀನಿ. ಆ ಹಿಮಾನ ನಮ್ಮ ಮನೆಯವಳಿಗೆ ಮರೆಯೋಕೇ ಆಗ್ತಿಲ್ಲ."

ಚಪ್ಪಾಳೆ ಬಿತ್ತು. ಬ್ಯಾಂಕಿನ ನಂದಿತಾ, "ಅದೃಷ್ಟ ಮಾಡಿದೀರಾ ರತ್ನ" ಎಂದು ಅವಳ ಕೈ ಹಿಡಿದು ಅಲುಗಿಸಿದಳು. ಕೃಪಾ ತಾಯಿಯ ಕಡೆ ತಿರುಗಿ, "ಅಮ್ಮೇ, ಞಾನ್ ಪೋಗಿಲ್ಲ. ನಾ ಹೋಗಲ್ಲ ಅಂತ ಹೇಳು ಅವರಿಗೆ" ಎಂದಳು. ಈ ಹುಡುಗಿಗೆ ಕೋಪ ಬಂದಾಗ ಮಲಯಾಳ ಮುಂದೆ ಬರುತ್ತದೆ, ಕನ್ನಡ ಹಿಂದೆ. ರತ್ನ ಲೋಟಗಳನ್ನು ಹಿಡಿದುಕೊಂಡೇ ನಿಂತಿದ್ದಳು.

ಹಾಲಿನ ಇನ್ನೊಂದು ತುದಿಯಲ್ಲಿ ಚಂದ್ರಮ್ಮ ಕೂತಿದ್ದರು. ಪುತ್ತೂರಿನ ಕಡೆಯವರು, ಎಂಬತ್ತರ ಹತ್ತಿರ, ಮಗಳು ಜೀವಿತಾ ಬ್ಯಾಂಕಿನಲ್ಲಿರುವುದರಿಂದ ಇಲ್ಲಿದ್ದಾರೆ. ಕಿವಿ ಚೆನ್ನಾಗಿದೆ, ಸಂಕೋಚವಿಲ್ಲ. ಅವರು ಊರುಗೋಲು ನೆಲಕ್ಕೆ ಕುಟ್ಟಿ ಕೇಳಿದರು: "ಅಲ್ಲ ಉಪೇಂದ್ರಣ್ಣ, ಎಲ್ಲ ಹೇಳಿದ್ರಿ. ಏಳು ದಿನ ಬಾಗಿಲು ತೆಗೀಲಿಕ್ಕೆ ಆಗ್ಲಿಲ್ಲ ಅಂತೀರಿ. ಕಕ್ಕಸಿಗೆ ಎಂತ ಮಾಡಿದ್ರಿ?"

ಹೆಂಗಸರು ಕಿಸಕ್ಕನೆ ನಕ್ಕರು. ಜೀವಿತಾ "ಅಮ್ಮಾ!" ಎಂದಳು. ಉಪೇಂದ್ರ ನಗುತ್ತಲೇ, "ಅದೆಲ್ಲ ಹೇಗೋ ಅಡ್ಜಸ್ಟ್ ಆಗುತ್ತೆ ಅಮ್ಮ" ಎಂದ.

"ಹೇಗೋ ಅಂದ್ರೆ?"

"ನಾನು ಹೇಳ್ತೀನಿ ಚಂದ್ರಮ್ಮಾವ್ರೆ" ಎಂದಳು ರತ್ನ.

ಅವಳ ದನಿ ಏನೂ ಏರಿರಲಿಲ್ಲ. ಲೋಟಗಳನ್ನು ಮೇಜಿನ ಮೇಲಿಟ್ಟಳು. "ಒಂದು ಬಕೆಟ್ಟಿಟ್ಟಿದ್ವಿ, ಪಕ್ಕದ ತಣ್ಣನೆ ಕೋಣೇಲಿ. ಮೂರೂ ಜನಕ್ಕೆ ಅದೇ. ಮೇಲೆ ಬೂದಿ ಹಾಕೋದು. ನಾಲ್ಕನೇ ದಿನ ಕೆಳಗಿನ ಅಜ್ಜಿ ಒಬ್ಬರು ಹೋಗೋವಷ್ಟು ದಾರಿ ತೋಡಿದ್ಲು. ಕಕ್ಕಸಿನ ಬಾಗಿಲು ಹಿಮಕ್ಕೆ ಸಿಕ್ಕಿ ಅರ್ಧಕ್ಕೇ ತೆರೀತಿತ್ತು. ಬಕೆಟ್ಟು ಹೋಗ್ತಿತ್ತು, ಮನುಷ್ಯರು ಹೋಗೋಕಾಗ್ತಿರ್ಲಿಲ್ಲ. ದಿನಾ ನಾನೇ ಹೊತ್ತೆ. ಅದರಲ್ಲಿ ಇವರು ಹುಳಿ ಹಿಟ್ಟಿನ ದೋಸೆ ತಿಂದು ಮೂರು ದಿನ ಭೇದಿ. ದಿನಕ್ಕೆ ನಾಲ್ಕು ಸಲ ಹೊತ್ತೆ."

"ರತ್ನಾ" ಎಂದ ಉಪೇಂದ್ರ.

"ನಂಗೆ ಮೋರಿ ವಾಸ್ನೆ ತಡ್ಕೊಳ್ಳೋಕಾಗಲ್ಲ, ಎಲ್ರಿಗೂ ಗೊತ್ತು. ಬಾಯಿಗೆ ಶಾಲು ಕಟ್ಕೊಂಡು ಹೋಗ್ತಿದ್ದೆ. ಆರನೇ ದಿನ ಮೆಟ್ಟಿಲ ಮೇಲೆ ಮಂಜು ಕಟ್ಟಿತ್ತು, ಜಾರಿ ಬಿದ್ದೆ. ಬಕೆಟ್ಟು ನನ್ನ ಮೇಲೇ ಬಿತ್ತು. ಕುತ್ತಿಗೆಯಿಂದ ಕಾಲವರೆಗೆ. ಎದ್ದು ಮೇಲೆ ಬಂದು ಬಾಗಿಲು ತೆಗೆದು ನಿಂತೆ. ಇವರು ರಜಾಯಿ ಒಳಗಿಂದ ತಲೆ ಎತ್ತಿ ನೋಡಿದ್ರು." ಒಂದು ಕ್ಷಣ ನಿಲ್ಲಿಸಿದಳು. ಹೇಳುವುದೋ ಬಿಡುವುದೋ ಎಂಬ ಯೋಚನೆ ಅಷ್ಟು ಹೊತ್ತು ಇತ್ತು, ಆಮೇಲೆ ಇರಲಿಲ್ಲ. "'ಬಾಗಿಲು ಹಾಕೇ, ಚಳಿ ಬರುತ್ತೆ' ಅಂದ್ರು."

ಯಾರೂ ನಗಲಿಲ್ಲ. ನಂದಿತಾ ಕೈಯಲ್ಲಿದ್ದ ಪ್ಲಮ್ ಕೇಕಿನ ತುಂಡನ್ನು ಮೆಲ್ಲಗೆ ತಟ್ಟೆಗೆ ವಾಪಸ್ಸಿಟ್ಟಳು. ತುಂಬದ ವಿಜ್ಞಾನಿಯೊಬ್ಬರು ಫ್ಯಾನಿನ ಕಡೆ ನೋಡಿದರು.

"ಒಂದು ಚೊಂಬು ನೀರಿತ್ತು, ಕುಡಿಯೋಕೆ ಅಂತ ಕರಗಿಸಿದ್ದು. ಅದರಲ್ಲೇ ಒರೆಸಿಕೊಂಡೆ. ನಮ್ಮ ಕೃಪಾ ಅವಳ ಸ್ಕೂಲ್ ಶರ್ಟು ಕೊಟ್ಲು, ನನ್ನವು ಒಗೆದದ್ದು ಯಾವುದೂ ಇರ್ಲಿಲ್ಲ. ಇಷ್ಟೇ ಚಂದ್ರಮ್ಮಾವ್ರೆ. ಹೀಗೆ ಮಾಡಿದ್ವಿ."

ಚಂದ್ರಮ್ಮ ತಲೆಯಾಡಿಸಿದರು. "ಹಾಂ. ಅಷ್ಟೂ ಸೇರಿಸಿ ಹೇಳಿ ಮತ್ತೆ ಉಪೇಂದ್ರಣ್ಣ. ಬಾ ಮಾರಾಯ್ತಿ, ಕೂತ್ಕೋ ಇಲ್ಲಿ" ಎಂದು ಪಕ್ಕದ ಕುರ್ಚಿ ಎಳೆದರು.

ಮನೆಗೆ ನಡೆದು ಬರುವಾಗ ಉಪೇಂದ್ರ ಹತ್ತು ಹೆಜ್ಜೆ ಮುಂದಿದ್ದ. ಮನೆಯೊಳಗೆ ಬಂದು ಚಪ್ಪಲಿ ಬಿಟ್ಟವನೇ, "ನನ್ನ ಮರ್ಯಾದೆ ತೆಗೆದೆ" ಎಂದ.

"ಇಲ್ಲ. ನಡೆದಿದ್ದು ಹೇಳಿದೆ."

"ಭೇದಿ ಅಂತೆಲ್ಲ ಮೂವತ್ತು ಜನರ ಮುಂದೆ..."

"ನಂಗೆ ಹೇಳೋಕೆ ಅಸಹ್ಯ ಆಯ್ತು. ನಿಮಗೆ ಕೇಳೋಕೆ ಅಸಹ್ಯ ಆಯ್ತು. ಹೊರೋಕೆ ಹೇಗಾಗಿರ್ಬೇಕು ಅಂತ ಯೋಚ್ನೆ ಮಾಡಿ."

ಅವನು ಸೋಫಾದ ಮೇಲೆ ಕೂತು, "ಆಗಲೇ ಹೇಳ್ಬಹುದಿತ್ತಲ್ಲ" ಎಂದ. ಈ ಮಾತಿಗೆ ರತ್ನಳಿಗೆ ಎಷ್ಟು ಸಿಟ್ಟು ಬಂತೆಂದರೆ, ಬಾಯಿಗೆ ಬಂದದ್ದನ್ನು ತಡೆಯಲು ಅಡುಗೆಮನೆಗೆ ಹೋಗಿ ಕುಕ್ಕರಿಗೆ ಅಕ್ಕಿ ತೊಳೆದಳು. ತೊಳೆದು ಬಂದು, ಒರೆಸಿಕೊಂಡ ಕೈಯಲ್ಲಿ ಪೆನ್ನು ತೆಗೆದು, ಫಾರಮ್ಮಿನಲ್ಲಿ ತನ್ನ ಹೆಸರಿಗೂ ಕೃಪಾಳ ಹೆಸರಿಗೂ ಗೆರೆ ಎಳೆದಳು. ಅವನ ಹೆಸರನ್ನು ಹಾಗೇ ಬಿಟ್ಟಳು.

"ನಿಮಗೆ ಅಲ್ಲಿ ಅಷ್ಟು ಚೆನ್ನಾಗಿದ್ರೆ ಹೋಗಿ ಬನ್ನಿ. ನಾವಿಬ್ರೂ ಇಲ್ಲೇ ಇರ್ತೀವಿ."

ಸೋಮವಾರ ಬೆಳಿಗ್ಗೆ ರತ್ನ ಅಡುಗೆಮನೆಯಲ್ಲಿ ಚಟ್ನಿಗೆ ಕಾಯಿ ತುರಿಯುತ್ತಿದ್ದಳು. ಉಪೇಂದ್ರ ಹೊರಗಿನ ಕೋಣೆಯಲ್ಲಿ ಫೋನು ಮಾಡಿದ. ಅವನ ಮೇಲಧಿಕಾರಿ ವೀರಭದ್ರ, ಧಾರವಾಡದವರು, ರಜೆಯ ಮೇಲೆ ಊರಿಗೆ ಹೋಗಿದ್ದರು; ಭಾನುವಾರದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಉಪೇಂದ್ರನಿಗೆ ಸ್ಪೀಕರು ಹಾಕದೆ ಮಾತಾಡಿ ಗೊತ್ತಿಲ್ಲ, ಆದ್ದರಿಂದ ಎರಡೂ ಕಡೆಯ ಮಾತು ಅಡುಗೆಮನೆಗೆ ಕೇಳುತ್ತಿತ್ತು.

"ಸರ್, ಆ ಕಾರ್ಗಿಲ್ ವಿಷ್ಯ. ಈ ಸಲ ಬೇಡ ಅಂತ ಸರ್. ನಂಗೇನಿಲ್ಲ, ನಾನು ರೆಡಿ. ನಮ್ಮ ಮನೆಯವಳಿಗೆ ಚಳಿ ಆಗಲ್ಲ ಸರ್. ಬಹಳ ಹೆದರ್ತಾಳೆ."

ರತ್ನಳ ಕೈ ನಿಂತಿತು.

"ಹಂಗಾದ್ರ ಅವ್ರನ್ನ ಯಾಕ ಒಯ್ತೀರಿ?" ವೀರಭದ್ರರ ದನಿ ಗಟ್ಟಿಯಾಗಿತ್ತು. "ನೀವೊಬ್ರ ಹೋಗ್ರಿ. ಮನಿ ಮಂದಿ ಇದ್ದ ಕ್ವಾರ್ಟರ್ಸಿನಾಗ ಇರಾಕ ರೂಲ್ ಐತೆಲ್ಲ. ನಿಮ್ಮಂಥಾ ಅನುಭವ ಇದ್ದವ್ರು ಬೇಕಾಗ್ಯಾರ ಅಲ್ಲಿ."

"ಒಬ್ನೇನಾ ಸರ್?" ಉಪೇಂದ್ರ ಕೆಮ್ಮಿದ. "ಅದಾಗಲ್ಲ ಸರ್. ನಾನಿಲ್ದೆ ಇವಳು ಒಂದು ವಾರ ಇರಲ್ಲ."

ರತ್ನಳಿಗೆ ಆ ಮೆಟ್ಟಿಲ ಮೇಲೆ ಆದದ್ದಕ್ಕಿಂತ ಇದು ಹೆಚ್ಚಿನ ಹೇಸಿಗೆ ಅನ್ನಿಸಿತು, ಯಾಕೆಂದರೆ ಇದನ್ನು ತೊಳೆಯಲು ನೀರೂ ಇಲ್ಲ. ಸುಮ್ಮನಿದ್ದರೆ ಆಯಿತು, ಅವಳಿಗೆ ಬೇಕಾದದ್ದು ಸಿಕ್ಕಿಬಿಡುತ್ತಿತ್ತು: ಯಾರೂ ಎಲ್ಲಿಗೂ ಹೋಗುವುದಿಲ್ಲ. ಊರಿಗೆಲ್ಲ ಚಳಿಗೆ ಹೆದರುವ ಹೆಂಗಸಾಗಿ ಇನ್ನು ಇಪ್ಪತ್ತು ವರ್ಷ ಬದುಕಿದರೆ ಮುಗಿಯಿತು. ಅವಳು ತುರಿಮಣೆ ಮಡಚಿಟ್ಟು ಹೊರಗೆ ಬಂದಳು.

ಉಪೇಂದ್ರ ಅವಳನ್ನು ನೋಡಿದ. ಏನೂ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಅಷ್ಟರಲ್ಲಿ ವೀರಭದ್ರರು, "ಅಕ್ಕಾರ ಅಲ್ಲೇ ಅದಾರೇನ್ರಿ? ಕೊಡ್ರಿ ಇಷ್ಟು. ನಾನು ಧೈರ್ಯ ಹೇಳ್ತೀನಿ" ಎಂದರು.

ಫೋನು ಅವನ ಅಂಗೈಯಲ್ಲೇ ಇತ್ತು. ರತ್ನ ಅದಕ್ಕೆ ಬಾಗಿ ಮಾತಾಡಿದಳು. "ನಮಸ್ಕಾರ ಸರ್. ಚಳಿ ನಂಗೇನೂ ಮಾಡಲ್ಲ. ಇವರು ಹೋಗ್ಲಿ ಸರ್, ನಾನು ಮಗಳು ಇಲ್ಲಿ ಆರಾಮಾಗಿರ್ತೀವಿ. ನನ್ನಿಂದ ಏನೂ ಅಡ್ಡಿ ಇಲ್ಲ ಅಂತ ಬರ್ಕೊಳ್ಳಿ."

"ನೋಡ್ರಿ ಮತ್ತ! ಭಾಳ ಛಲೋ ಆತು ಅಕ್ಕಾರ. ಉಪೇಂದ್ರ ಅವ್ರ, ಇನ್ನೇನ್ರಿ? ನಾಡಿದ್ದು ನಿಮ್ಮ ಹೆಸರು ಕಳಿಸ್ತೀನಿ."

ಫೋನು ನಿಂತಿತು. ಉಪೇಂದ್ರ ಅದನ್ನು ಹಿಡಿದುಕೊಂಡು ನಿಂತೇ ಇದ್ದ. ಕೃಪಾ ಕೋಣೆಯ ಬಾಗಿಲಲ್ಲಿ ಟೂತ್‌ಬ್ರಷ್ಷು ಬಾಯಲ್ಲಿಟ್ಟುಕೊಂಡು ಅಪ್ಪನನ್ನು ನೋಡುತ್ತಿದ್ದಳು.

"ಈಗ ಏನ್ಮಾಡ್ಲೇ?" ಎಂದು ಕೇಳಿದ. ದನಿ ಸಣ್ಣದಾಗಿತ್ತು.

ರತ್ನಳಿಗೆ ಒಂದು ಗಳಿಗೆ ಅಯ್ಯೋ ಅನ್ನಿಸಿತು. ಆ ಅಯ್ಯೋ ಅನ್ನುವುದೇ ತನ್ನನ್ನು ಇಷ್ಟು ವರ್ಷ ಹೊರಿಸಿದ್ದು ಎಂದೂ ಅನ್ನಿಸಿತು. ಒಳಗೆ ಹೋಗಿ ತುರಿಮಣೆಯ ಮೇಲೆ ಕೂತಳು. ಹೋಗುವುದಿಲ್ಲ ಎನ್ನಬೇಕಾದರೆ ಇನ್ನು ಅವನೇ ಫೋನು ಮಾಡಬೇಕು. ತನಗೇ ಅಲ್ಲಿ ಒಬ್ಬನೇ ಒಂದು ವಾರ ಬದುಕಲು ಬರುವುದಿಲ್ಲ ಎಂದು ತನ್ನ ಬಾಯಿಂದಲೇ ಹೇಳಬೇಕು. ಅದಕ್ಕೆ ಅವನಿಗೆ ಬುಧವಾರದವರೆಗೆ ಸಮಯವಿತ್ತು.